ಎಲಿಬಳ್ಳಿ ಪದದ ಕೊನೆಯ ನುಡಿ

ಶಿಗ್ಗಾಂವ,
ರವಿವಾರ, ೯ ಫೆಬ್ರುವರಿ ೨೦೨೫

ಪ್ರೀತಿಯ ಅಪ್ಪಾ,

ಮೊಣಕಾಲು ಹೇಗಿದೆ? ಹೊಲಿಗೆ ಹಾಕಿದ ಜಾಗದಲ್ಲಿ ತುರಿಕೆ ಬರುತ್ತಿದೆ ಎಂದು ಮಂಜಿ ಹೇಳಿದಳು. ತುರಿಕೆ ಬಂದರೆ ಗಾಯ ಒಣಗುತ್ತಿದೆ ಎಂದರ್ಥವಂತೆ, ಆದರೂ ಕೈ ಹಚ್ಚಬೇಡ. ಅವಳು ಕಳಿಸಿದ ವಿಡಿಯೊದಲ್ಲಿ ನೀನು ಗೋಡೆ ಹಿಡಿಯದೆ ಅಡುಗೆಮನೆಯ ತನಕ ನಡೆದದ್ದನ್ನು ಎರಡು ಸಲ ನೋಡಿದೆ. ಮೊದಲ ಸಲ ಕಣ್ಣು ತುಂಬಿ ಬಂತು. ಎರಡನೆಯ ಸಲ ನೋಡುವಾಗ, ಹೊರಬರುವ ಹೊತ್ತಿಗೆ ನಿನ್ನ ಎಡಗೈ ಧೋತರದ ಹಿಂದೆ ಅಡಗಿದ್ದು ಕಂಡಿತು. ಶೇಂಗಾ ಉಂಡಿಯೇ ಇರಬೇಕು. ಮಂಜಿಗೆ ಹೇಳಿಲ್ಲ. ನನಗೆ ತಂಗಿಯಾದರೂ ನಿನ್ನನ್ನು ಗದರಿಸುವ ವಿದ್ಯೆಯಲ್ಲಿ ಅವಳು ತೀರಿಹೋದ ಅವ್ವನನ್ನೂ ಮೀರಿಸಿದ್ದಾಳೆ, ಮತ್ತು ಮಿರಜದ ಅವಳ ಮನೆಯಲ್ಲಿ ಇನ್ನೂ ಒಂದು ತಿಂಗಳು ಇರಬೇಕಾದವನು ನೀನು.

ಇಲ್ಲಿ ನಾವು ಆರಾಮ. ನಿನ್ನ ಅಳಿಯ ಫಕ್ಕೀರೇಶ ಗೋವಿನಜೋಳದ ಖರೀದಿಗೆಂದು ಹಿರೇಕೆರೂರಿಗೆ ಹೋದವನು ಇನ್ನೂ ಬಂದಿಲ್ಲ. ನನಗೆ ಕಾಲೇಜಿನಲ್ಲಿ ಪರೀಕ್ಷೆಯ ಕೆಲಸ. ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಈಗ ಬರೆಯಲಿರುವುದು ಫೋನಿನಲ್ಲಿ ಆಗುವಂಥದ್ದಲ್ಲ. ನೀನು ಕಿವಿಯ ಮಷೀನನ್ನು ಡಬ್ಬಿಯಲ್ಲಿಟ್ಟು ಫೋನೆತ್ತುತ್ತೀ. ಮೊನ್ನೆ ಶುಕ್ರವಾರ ನಾನು, ಎಲಿಬಳ್ಳಿ ಪದ ಕಟ್ಟಿದವರು ಯಾರು ಅಪ್ಪಾ ಎಂದು ಮೂರು ಸಲ ಕೂಗಿದೆ. ಏನೋ ಆಗಿದೆಯೆಂದು ಪಕ್ಕದ ಮನೆಯ ಚೌಡವ್ವ ಹಿತ್ತಲಿನಿಂದ ಓಡಿಬಂದಳು. ನೀನು ಮಾತ್ರ ಮೂರು ಸಲವೂ "ಹೂಂ ಹೂಂ, ಊಟಾ ಆತು, ಝುಣಕಾ ಮಾಡಿದ್ಲು" ಎಂದು ನಾನು ಕೇಳದ ಪ್ರಶ್ನೆಗೆ ಸಮಾಧಾನದಿಂದ ಉತ್ತರ ಕೊಟ್ಟು ಫೋನಿಟ್ಟೆ. ನಿನಗೆ ಚೆನ್ನಾಗಿಯೇ ಕೇಳಿಸಿತ್ತು ಎಂದು ಈಗ ಅನಿಸುತ್ತಿದೆ.

ಮೊದಲಿನಿಂದ ಹೇಳುತ್ತೇನೆ. ಡಿಸೆಂಬರಿನಲ್ಲಿ ಮಹೆಕ ಎಂಬ ಹುಡುಗಿ ನಮ್ಮ ಮನೆಗೆ ಬಂದಳು. ಮೂರು ವರ್ಷದ ಹಿಂದೆ ನನ್ನ ವಿದ್ಯಾರ್ಥಿನಿಯಾಗಿದ್ದವಳು. ಈಗ ಸವಣೂರಿನ ತನ್ನ ಮನೆಯ ಮೇಲಿನ ಕೋಣೆಯಲ್ಲಿ ಹೊರಗಿನ ಸದ್ದು ಬರದಂತೆ ನಾಲ್ಕೂ ಗೋಡೆಗೆ ಕೌದಿ ಕಟ್ಟಿ, ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು, ಹಾಡು ಮುದ್ರಿಸುವ ಕೆಲಸ ಮಾಡುತ್ತಾಳೆ. ಅವಳು ಇಸ್ಮಾಯಿಲಸಾಬರ ಮೊಮ್ಮಗಳು ಎಂದು ನನಗೆ ತಿಳಿದದ್ದು ಅವತ್ತೇ. ಇಸ್ಮಾಯಿಲಸಾಬರು ನಿನ್ನ ಗುರುಗಳು, ಎಲೆತೋಟದವರು ಎಂಬುದನ್ನು ಬಿಟ್ಟರೆ ನನಗೆ ನೆನಪಿರುವುದು ನಿನ್ನ ಬಸ್ಸಿನ ಹಿಂದಿನ ಸೀಟು, ವೀಳ್ಯದೆಲೆಯ ಬುಟ್ಟಿಯ ಒದ್ದೆ ವಾಸನೆ, ನನ್ನ ಕೈಗೆ ಅವರು ಇಡುತ್ತಿದ್ದ ಪೆಪ್ಪರ್‌ಮಿಂಟು, ಅಷ್ಟೇ. ಹುಬ್ಬಳ್ಳಿಯ ಹಾಸ್ಟೆಲಿನಿಂದ ರಜೆಗೆ ಬಂದಾಗ, ನೀನು ಕಂಡಕ್ಟರಾಗಿದ್ದ ಬಸ್ಸಿನಲ್ಲಿ ತಿಳವಳ್ಳಿಯಿಂದ ಸವಣೂರಿಗೆ ಹೋಗಿ ಬರುವುದೇ ನನ್ನ ಪ್ರವಾಸವಾಗಿತ್ತು. ಮಹೆಕ ಅಜ್ಜಿಯ ಕಪಾಟಿನಿಂದ ತಂದದ್ದು ನಿಮ್ಮ ಹಾಡಿನ ಮೇಳದ ೧೯೯೧ರ ಕ್ಯಾಸೆಟ್ಟು. "ತಿಳವಳ್ಳಿ ಲಕ್ಷ್ಮಪ್ಪ ಮತ್ತು ಸಂಗಡಿಗರು" ಎಂದು ಅದರ ಮೇಲೆ ಇನ್ನೂ ಓದಲು ಬರುತ್ತದೆ. ನಿನ್ನ ಫೋಟೊದಲ್ಲಿ ಮೀಸೆ ಮಾತ್ರ ಉಳಿದಿದೆ.

ಬೆಂಗಳೂರಿನ ಒಂದು ಕಂಪನಿ ಧಾರಾವಾಹಿ, ಸಿನಿಮಾ, ಜಾಹೀರಾತುಗಳಿಗೆ ಹಾಡು ಒದಗಿಸುತ್ತದೆ. ಮಾರುವುದಲ್ಲ. ಲೈಸೆನ್ಸ್ ಕೊಡುವುದು, ಅಂದರೆ ಹಾಡು ಕಟ್ಟಿದವರದೇ ಆಗಿ ಉಳಿಯುತ್ತದೆ, ಬಳಸುವವರು ಬಳಸಿದ್ದಕ್ಕೆ ಕೊಡುತ್ತಾರೆ. "ಅವರಿಗೆ ಹಳೇ ಹಾಡ ಬೇಕ್ರಿ ಮೇಡಂ, ಆದ್ರ ಹಳೇದರಂಗ ಕೇಳಬಾರದು" ಎಂದಳು ಮಹೆಕ. ನಿಮ್ಮ ಕ್ಯಾಸೆಟ್ಟಿನ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿದೆ, ಆ ಮುದ್ರಣ ಈಗ ಯಾರದೆಂದು ಯಾರಿಗೂ ಗೊತ್ತಿಲ್ಲ. ಆದರೆ ಪದ ಕಟ್ಟಿದವರ ಹಕ್ಕು ಕಟ್ಟಿದವರ ಹತ್ತಿರವೇ ಇರುತ್ತದಂತೆ. ಹೊಸದಾಗಿ ಹಾಡಿ ಮುದ್ರಿಸಿದರೆ ಯಾರ ತಕರಾರೂ ಇಲ್ಲ. ಆಗ ನಿನಗೆ ಆಪರೇಶನ್ನಿನ ದಿನ ಹತ್ತಿರ ಬಂದಿತ್ತು. ನಾನು ಕೇಳಿದಾಗ ನೀನು, "ಮಾಡ್ಕೋರಿ, ಹುಡುಗ್ರು ಖುಷಿ ಪಡ್ಲಿ" ಎಂದು ಕೈ ಬೀಸಿದೆ. ಕೈ ಬೀಸಿದ್ದನ್ನು ನಾನು ಒಪ್ಪಿಗೆ ಎಂದುಕೊಂಡೆ. ಇನ್ನೂ ಎರಡು ಪ್ರಶ್ನೆ ಕೇಳಬೇಕಿತ್ತು.

ಜನವರಿ ಇಡೀ ರವಿವಾರ ರವಿವಾರ ಸವಣೂರಿಗೆ ಹೋದೆ. ಕಂಪನಿಯವರು ಆರಿಸಿದ್ದು ಒಂದೇ ಪದ, "ಎಲಿಬಳ್ಳಿ ಹಬ್ಬೈತಿ ಹಾಲವಾಣದ ಗಿಡಕ, ನೀರ ಎರದವರ್ಯಾರೊ, ನೆರಳ ಬಂದೈತಿ ಹೊಲಕ." ಒಂದು ಧಾರಾವಾಹಿಯ ಆರಂಭಕ್ಕೆ ಅದು ಬೇಕಂತೆ. ಮಹೆಕ ತಾನೇ ಹಾಡಿದಳು. ಏಳು ನಿಮಿಷದ ಪದವನ್ನು ತೊಂಬತ್ತು ಸೆಕೆಂಡಿಗೆ ಇಳಿಸಬೇಕು, ಮಾತಿಲ್ಲದ ಒಂದು ರೂಪ ಬೇಕು, ಊರಿನ ಹೆಸರು ಮನುಷ್ಯರ ಹೆಸರು ಇರಬಾರದು ಎಂಬ ಶರತ್ತುಗಳಿದ್ದವು. ಹೆಸರಿದ್ದರೆ ಕಥೆಗೆ ಹೊಂದುವುದಿಲ್ಲವಂತೆ. ಹಾಗಾಗಿ ಕೊನೆಯ ನುಡಿಯನ್ನು ತೆಗೆದೆವು. ತೆಗೆದದ್ದು ನಾನೇ. ಕಾಗದದ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆದೆ, ಪ್ರಬಂಧ ತಿದ್ದುವಾಗ ಎಳೆಯುವ ಹಾಗೆ. ನನಗೆ ಏನೂ ಅನಿಸಲಿಲ್ಲ ಎಂಬುದನ್ನು ನಿನಗೆ ಹೇಳಲೇಬೇಕು.

ಆ ಕೊನೆಯ ನುಡಿ ನಿನಗೆ ಗೊತ್ತು. "ಸವಣೂರ ಶಹರದಾಗ ಇಸ್ಮಾಯಿಲಸಾಬ, ಹೇಳಿದ್ದ ಹಾಡೇವಿ, ನಮದೇನ ಹಿಸಾಬ." ಕಂಪನಿಯ ಫಾರ್ಮಿನಲ್ಲಿ ಎರಡು ಖಾನೆಗಳಿದ್ದವು, ಸಾಹಿತ್ಯ ಮತ್ತು ಸಂಗೀತ. ನಾನು ಎರಡರಲ್ಲೂ ಇಸ್ಮಾಯಿಲಸಾಬ, ಸವಣೂರ ಎಂದು ಬರೆದೆ. ನಾನು ಕಲಿತದ್ದು ಪುಸ್ತಕದ ಕವಿತೆ. ಅಲ್ಲಿ ಯಾರ ಹೆಸರಿದೆಯೋ ಬರೆದವರು ಅವರೇ. ಇಲ್ಲಿಯಂತೂ ಪದವೇ ಬಾಯಿಬಿಟ್ಟು ಹೇಳುತ್ತಿದೆ, ಅವರು ಹೇಳಿದ್ದು, ನಾವು ಹಾಡಿದ್ದು ಎಂದು. ಕ್ಯಾಸೆಟ್ಟಿನ ಮೇಲಿರುವ ನಿನ್ನ ಹೆಸರು ಹಾಡುಗಾರನದು ಎಂದುಕೊಂಡೆ. ನಲವತ್ತಾರು ವರ್ಷ ನಿನ್ನ ಮಗಳಾಗಿದ್ದು, ನೀನು ಪದ ಕಟ್ಟುತ್ತಿದ್ದೆಯೋ ಬರೀ ಹಾಡುತ್ತಿದ್ದೆಯೋ ಎಂಬುದು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ.

ಫಾರ್ಮು ತಲುಪಿದ ಮೇಲೆ ಕಂಪನಿಯವರು ಮಹೆಕಳ ತಂದೆ ಜಾಹೀದರಿಗೆ ಫೋನ್ ಮಾಡಿ, ನಿಮ್ಮ ತಂದೆಯವರ ಹಾಡು, ವಾರಸುದಾರರ ಸಹಿ ಬೇಕು ಎಂದಿದ್ದಾರೆ. ಜಾಹೀದರು ಎಲೆಪೇಟೆಯಲ್ಲಿ ಅಂಗಡಿ ಅಂಗಡಿಗೆ ಹೋಗಿ ಸಿಹಿಯ ಬದಲು ಕರಿದ ಖಾರಾ ಹಂಚಿದರಂತೆ. "ನಮ್ಮಪ್ಪಾ ಎಲಿ ಮಾರಿದ್ದ ಅಷ್ಟ ನೀವು ನೋಡೀರಿ. ಟೀವ್ಯಾಗ ಬರ್ತಾನ, ನೋಡ್ರಿ ಇನ್ನ" ಎಂದು ಎದುರಂಗಡಿಯವನಿಗೆ ಸವಾಲು ಹಾಕಿದರಂತೆ. ಅವರ ತಾಯಿ ಅಖ್ತರುನ್ನೀಸಾ ಅವರ ಒಪ್ಪಿಗೆಯೂ ಬೇಕಿತ್ತು. ಕಳೆದ ಗುರುವಾರ ಅದಕ್ಕೆಂದೇ ಹೋದೆ.

ಅವರಿಗೆ ಈಗ ಎಂಬತ್ತೊಂದು. ಕಣ್ಣು ಮಂಜು, ಕಿವಿ ಮಾತ್ರ ಮಹೆಕಳದಕ್ಕಿಂತ ಚುರುಕು. ನಾನು ಲಕ್ಷ್ಮಪ್ಪನ ಮಗಳು ಎಂದಾಗ ನನ್ನ ಗಲ್ಲ ಸವರಿ, "ಕಂಡಕ್ಟರ ಸಾಹೇಬ್ರ ದೊಡ್ಡಾಕಿ! ಪೆಪ್ಪರ್‌ಮಿಂಟ್ ಸಾಲಲಿಲ್ಲಂತ ಬಂಕಾಪುರ ತನಾ ಅಳತಿದ್ದೆಂತಲ್ಲ" ಎಂದರು. ಒಪ್ಪಿಗೆಯ ಮಾತು ಆಮೇಲೆ, ಮೊದಲು ಹಾಡು ಕೇಳಿಸಿ ಎಂದರು. ಮಹೆಕ ಸ್ಪೀಕರ್ ಹಚ್ಚಿದಳು. ಅವರು ಕಣ್ಣು ಮುಚ್ಚಿ, ಎಡಗೈ ಬೆರಳಿನಿಂದ ತೊಡೆಯ ಮೇಲೆ ತಾಳ ಹಾಕುತ್ತ ಕೇಳಿದರು. ಎರಡನೆಯ ಸಾಲಿನಲ್ಲಿ ಅವರ ಬೆರಳು ತಡೆದು ನಿಂತಿತು, ಹಾಡು ನಿಲ್ಲದೆ ಮುಂದೆ ಹೋಯಿತು. "ಇಲ್ಲೆ ನಿಲ್ಲಬೇಕ. ಇದು ಗಾಡಿ ಗೇರ ಬದ್ಲಿ ಮಾಡೋ ಜಾಗಾ" ಎಂದರು. ನಮಗೆ ತಿಳಿಯಲಿಲ್ಲ. ಕ್ಯಾಸೆಟ್ಟಿನಲ್ಲಿ ಅಲ್ಲಿ ಇದ್ದ ತಡವನ್ನು ಹಳೆಯ ಟೇಪಿನ ದೋಷವೆಂದು ಮಹೆಕ ನೆಟ್ಟಗೆ ಮಾಡಿದ್ದಳು.

ತೊಂಬತ್ತು ಸೆಕೆಂಡು ಮುಗಿಯಿತು. ಅವರು ಕಣ್ಣು ತೆರೆಯಲಿಲ್ಲ. ಕುತ್ತಿಗೆ ಸ್ವಲ್ಪ ಮುಂದಕ್ಕೆ ಚಾಚಿ, ಯಾರೋ ಬಾಗಿಲಿಗೆ ಬರುವ ಸಪ್ಪಳಕ್ಕೆ ಕಾದ ಹಾಗೆ ಕೂತಿದ್ದರು. "ಮುಂದ ಹಾಕ ಬೇಟಿ" ಎಂದರು. ಮುಗೀತು ದಾದಿಮಾ ಎಂದಳು ಮಹೆಕ. "ಮುಗದಿಲ್ಲ. ಹೆಸರ ಬಂದಿಲ್ಲ." ನಾನು, ಧಾರಾವಾಹಿಯವರಿಗೆ ಹೆಸರು ಇರಬಾರದಂತೆ, ಆದರೆ ಚಿಂತೆ ಬೇಡ, ಕಾಗದದಲ್ಲಿ ಸಾಹಿತ್ಯವೂ ಸಂಗೀತವೂ ಅವರದೇ ಎಂದು ಬರೆದಿದ್ದೇನೆ ಎಂದೆ. ಬಹಳ ನ್ಯಾಯವಾಗಿ ನಡೆದುಕೊಂಡಿದ್ದೇನೆ ಎಂಬ ಭಾವ ನನ್ನ ದನಿಯಲ್ಲಿ ಇತ್ತೆಂದು ಕಾಣುತ್ತದೆ. ಅವರು ಕಣ್ಣು ತೆರೆದು ನನ್ನನ್ನೇ ನೋಡಿದರು. ಆಮೇಲೆ ನಗಲಾರಂಭಿಸಿದವರು ಕೆಮ್ಮು ಬರುವ ತನಕ ನಕ್ಕರು.

"ಯಾ ಅಲ್ಲಾ! ಇವ್ರಿಗೆ, ಮಹೆಕನ ದಾದಾಗ, ಒಂದ ಸಾಲ ಕೂಡಸಾಕ ಬರತಿರಲಿಲ್ಲ. ಬರೇ ಗುನುಗ್ತಿದ್ರು. ಸಂತಿಗೆ ಎಲಿ ಹಾಕಿ ನಿಮ್ಮಪ್ಪನ ಬಸ್ಸಿನ್ಯಾಗ ಹೊಳ್ಳಿ ಬರುವಾಗ ಹಾನಗಲ್ಲ ದಾಟೋದ್ರಾಗ ಇವ್ರ ಧಾಟಿ, ಬಂಕಾಪುರ ಬರೋದ್ರಾಗ ನಿಮ್ಮಪ್ಪನ ಮಾತು. ಸವಣೂರ ಸ್ಟ್ಯಾಂಡಿನ್ಯಾಗ ಇಳಿಯೂದಕ್ಕ ಪದ ತಯಾರ. ಮನಿಗೆ ಬಂದು ಚಪ್ಪಲಿ ಬಿಡೋಕಿಂತ ಮೊದಲ ನನಗ ಹೇಳತಿದ್ರು, ಇವತ್ತ ಕಂಡಕ್ಟರ ಎರಡ ನುಡಿ ಹಾಕ್ಯಾನ ಅಂತ." ಹಾಗಾದರೆ ಕೊನೆಯಲ್ಲಿ ಅವರ ಹೆಸರು ಯಾಕೆ ಎಂದು ಕೇಳಿದೆ. ಮೇಳದ ಪದ್ಧತಿ ಅದು ಎಂದರು. ಗುರು ಇರುವ ತನಕ ಶಿಷ್ಯ ಕಟ್ಟಿದ ಪದದ ಕೊನೆಗೆ ಗುರುವಿನ ಊರು, ಗುರುವಿನ ಹೆಸರು. ಗುರು ಹೋದ ಮೇಲೆ ಶಿಷ್ಯ ತನ್ನ ಹೆಸರು ಹಾಕಬಹುದು. ಕೇಳುವವರಿಗೆಲ್ಲ ಇದು ಗೊತ್ತಿತ್ತು, ಯಾರೂ ಹೇಳಬೇಕಿರಲಿಲ್ಲ. ಮಹೆಕಳಿಗೂ ನನಗೂ ಗೊತ್ತಿರಲಿಲ್ಲ. ಎಲೆಪೇಟೆಯಲ್ಲಿ ಖಾರಾ ಹಂಚಿದ ಜಾಹೀದರಿಗೂ ಗೊತ್ತಿರಲಿಲ್ಲ. ಅವರು ಬಾಗಿಲ ಹತ್ತಿರ ನಿಂತು ಪೇಟದ ಅಂಚಿನಿಂದ ಮುಖ ಒರೆಸಿಕೊಂಡರು. "ಅಮ್ಮಾ, ಇದನ್ನ ಸೋಮವಾರ ಹೇಳಿದ್ರ ಖಾರಾ ಅರ್ಧಾ ಕಿಲೋದಾಗ ಮುಗೀತಿತ್ತು" ಎಂದರು. ಮಾತು ತಮಾಷೆಯದು. ಮುಖ ತಮಾಷೆಯದಾಗಿರಲಿಲ್ಲ, ಮತ್ತು ಅದಕ್ಕೆ ಕಾರಣ ನಾನು. ಸಂಗೀತದ ಖಾನೆಯಲ್ಲಿ ಅವರ ತಂದೆಯ ಹೆಸರು ಹಾಗೆಯೇ ಇರುತ್ತದೆ, ಅದು ಅವರ ಹಕ್ಕೇ ಎಂದು ಹೇಳಿದೆ. ತಲೆಯಾಡಿಸಿದರು.

ಇಸ್ಮಾಯಿಲಸಾಬರು ೨೦೦೩ರಲ್ಲಿ ಹೋದಾಗ ಇನ್ನು ಮೇಲೆ ನಿನ್ನ ಹೆಸರು ಹಾಕು ಎಂದು ಅಖ್ತರುನ್ನೀಸಾ ಅವರೇ ನಿನಗೆ ಹೇಳಿದರಂತೆ. ನೀನು ಅವರ ಅಂಗಳದಲ್ಲಿ ನಿಂತು, "ಬಸ್ಸ ನಡಿಸಿದಾವ್ರು ಅವ್ರು. ನಾ ಟಿಕೇಟ ಹರದಾಂವ" ಎಂದೆಯಂತೆ. ಆಮೇಲೆ ಒಂದು ಪದವನ್ನೂ ಕಟ್ಟಲಿಲ್ಲವಂತೆ. ಮೇಳ ಯಾಕೆ ಬಿಟ್ಟೆ ಎಂದು ನಾನೊಮ್ಮೆ ಕೇಳಿದಾಗ ನೀನು ನನಗೆ ಹೇಳಿದ್ದು, ರೂಟ್ ಬದಲಾಯಿತು ಎಂದು. ನಿಜವೇ ಇರಬೇಕು ಎಂದು ಸುಮ್ಮನಾಗಿದ್ದೆ. ನಿಜವೇ ಆಗಿತ್ತು, ಅಲ್ಲವೇ?

ಇನ್ನೊಂದು ಸಂಗತಿ ನನಗೆ ತಡವಾಗಿ ಹೊಳೆಯಿತು. ಅವರು ಅಷ್ಟು ಹೊತ್ತು ಮಾತಾಡಿದರೂ ಗಂಡನ ಹೆಸರು ಒಮ್ಮೆಯೂ ಬಾಯಿಗೆ ಬರಲಿಲ್ಲ. ಇವ್ರು, ಮಹೆಕನ ದಾದಾ, ಜಾಹೀದನ ಅಪ್ಪ. ನಾನು ಗಂಡನನ್ನು ಫಕ್ಕೀರೇಶ ಎಂದು ಹೆಸರು ಹಿಡಿದು ಕರೆಯುವುದಕ್ಕೆ ಅವ್ವ ಎಷ್ಟು ಮುನಿಸಿಕೊಳ್ಳುತ್ತಿದ್ದಳು, ನೆನಪಿದೆಯಲ್ಲ. ಹೊರಡುವಾಗ ಅಖ್ತರುನ್ನೀಸಾ ನನ್ನ ಕೈ ಹಿಡಿದು ಹೇಳಿದರು, "ನಿಮ್ಮ ಹೆಣಮಕ್ಕಳು ಮದವ್ಯಾಗ ಒಡಪಾ ಹೇಳಿ ಗಂಡನ ಹೆಸರ ಹೇಳತೀರಿ. ನಮಗ ಅದೂ ಇಲ್ಲ. ನಿಮ್ಮಪ್ಪ ನನ್ನ ಪರವಾಗಿ ಒಡಪಾ ಹಾಕಿದ್ದ. ಮನಿಯಾಗ ಯಾರೂ ಇಲ್ಲದಾಗ ಆ ಟೇಪ ಹಚ್ಚತಿದ್ದೆ. ಪೂರಾ ಹಾಡಿಗೆ ಅಲ್ಲ, ಕಡೀ ನುಡಿಗೆ." ನಾನು ಪೆನ್ಸಿಲಿನಿಂದ ಗೆರೆ ಎಳೆದದ್ದು ಆ ನುಡಿಯ ಮೇಲೆ.

ಮರುದಿನ ಕಂಪನಿಯವರಿಗೆ ಫೋನ್ ಮಾಡಿ ನನ್ನ ತಪ್ಪನ್ನು ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಧಾರಾವಾಹಿಗೆ ಹೆಸರಿಲ್ಲದ ತೊಂಬತ್ತು ಸೆಕೆಂಡೇ ಹೋಗುತ್ತದೆ, ಆದರೆ ಏಳು ನಿಮಿಷದ ಇಡೀ ಪದವನ್ನೂ ಕೊನೆಯ ನುಡಿಯ ಸಮೇತ ಜನರು ಕೇಳುವಂತೆ ಹಾಕಲು ಒಪ್ಪಿದರು. ಅಷ್ಟು ನನ್ನಿಂದ ಆಯಿತು. ಆಗದಿರುವುದು ಒಂದು. ಪದದಲ್ಲಿ ಒಬ್ಬರ ಹೆಸರು, ಫಾರ್ಮಿನಲ್ಲಿ ಇನ್ನೊಬ್ಬರ ಹೆಸರು ಬಂದರೆ ನಾಳೆ ತಕರಾರು ಏಳಬಹುದು. ಆದ್ದರಿಂದ ಆಗಿನದನ್ನು ಕಣ್ಣಾರೆ ಕಂಡ ಒಬ್ಬರ ಹೇಳಿಕೆ ಬೇಕು, ಸಾಹಿತ್ಯದ ಖಾನೆಯಲ್ಲಿ ಕಟ್ಟಿದವನು ಸ್ವಂತ ಕೈಯಿಂದ ಹೆಸರು ಬರೆದು ಸಹಿ ಮಾಡಬೇಕು. ಇಲ್ಲವಾದರೆ ಈ ಪದವನ್ನು ಬಿಟ್ಟು ಬೇರೆ ಯಾರದನ್ನಾದರೂ ತೆಗೆದುಕೊಳ್ಳುತ್ತಾರೆ. ಗುರುವಿನ ಹೆಸರೇ ಇರಲಿ ಬಿಡು ಎಂದು ನೀನು ಹೇಳುವೆ ಎಂದು ಗೊತ್ತು. ಅದೂ ಆಗುವುದಿಲ್ಲ. ಅವರು ಕಟ್ಟಲಾರದ್ದನ್ನು ಅವರು ಕಟ್ಟಿದ್ದು ಎಂದು ಹೆಬ್ಬೆಟ್ಟು ಒತ್ತಲಾರೆ ಎಂದು ಅಖ್ತರುನ್ನೀಸಾ ಹೇಳಿಬಿಟ್ಟಿದ್ದಾರೆ.

ಮೂರು ದಿನದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ನಿನ್ನ ಹೆಸರು ಅಲ್ಲಿ ಬರಬೇಕೆಂಬುದು ನಿನ್ನ ಸಲುವಾಗಿಯೋ, ನನ್ನ ಸಲುವಾಗಿಯೋ? ತಂದೆಯ ಪದಗಳನ್ನು ಒಂದು ದಿನವೂ ಕೂತು ಕೇಳದ ಮಗಳಿಗೆ ಈಗ ಒಂದು ಕಾಗದದ ಮೇಲೆ ಅವನ ಹೆಸರು ನೋಡುವ ಆಸೆ. ಅದರಲ್ಲಿ ಸ್ವಲ್ಪ ಅಪರಾಧಿ ಭಾವವೂ ಇದೆ ಎಂದು ಒಪ್ಪಿಕೊಳ್ಳುತ್ತೇನೆ. ನನ್ನನ್ನು ಹುಬ್ಬಳ್ಳಿಯ ಶಾಲೆಗೆ ಕಳಿಸಿದ್ದು ನೀನೇ, ಅದರ ಮೇಲೆ ಹೊರಿಸಿ ತಪ್ಪಿಸಿಕೊಳ್ಳುವುದಿಲ್ಲ. ಮಂಜಿ ತಿಳವಳ್ಳಿಯಲ್ಲೇ ಓದಿದಳು, ಅವಳಿಗೂ ಗೊತ್ತಿರಲಿಲ್ಲವಂತೆ. "ಅಪ್ಪ ಪೆನ್ಸಿಲ್ ತಗೊಂಡು ಹಾಳಿ ಹಿಂದ ಏನರೆ ಬರಕೋತಿದ್ದ, ನಾ ಡಿಪೋದ ಲೆಕ್ಕ ಅಂತ ಅನ್ಕೊಂಡಿದ್ದೆ" ಎಂದಳು. ನಿನ್ನ ಸುಮ್ಮನಿರುವಿಕೆ ವಿನಯವೋ ಹಟವೋ ನನಗೆ ತಿಳಿಯದು. ಗುರುವಿನ ಮೇಲಿನ ಪ್ರೀತಿ ಎಂಬುದಂತೂ ತಿಳಿಯುತ್ತದೆ. ಅದನ್ನು ಮುರಿ ಎಂದು ಹೇಳುವ ಅಧಿಕಾರ ನನಗಿಲ್ಲ. ಕೊನೆಯ ನುಡಿಯಲ್ಲಿ ಅವರ ಹೆಸರು ಇದ್ದ ಹಾಗೇ ಇರುತ್ತದೆ, ಒಂದಕ್ಷರವೂ ಕದಲುವುದಿಲ್ಲ. ಗೇರು ಬದಲಿಸುವ ಜಾಗವನ್ನೂ ಮಹೆಕ ಮೊದಲಿನಂತೆ ಮಾಡಿದ್ದಾಳೆ. ನಾನು ಕೇಳುತ್ತಿರುವುದು ಕಾಗದದ ಮೇಲಿನ ಒಂದು ಖಾನೆಯನ್ನು ಮಾತ್ರ.

ಫಾರ್ಮು ಇದೇ ಲಕೋಟೆಯಲ್ಲಿದೆ. ಈ ಸಲ ಆ ಖಾನೆಯನ್ನು ನಾನು ತುಂಬಿಲ್ಲ, ಖಾಲಿ ಬಿಟ್ಟಿದ್ದೇನೆ. ಇಪ್ಪತ್ತೆರಡರೊಳಗೆ ನನಗೆ ತಲುಪಬೇಕು. ನೀನು ಸಹಿ ಮಾಡದೆ ಹಾಗೆಯೇ ವಾಪಸು ಕಳಿಸಿದರೂ ನಾನು ಮುನಿಯುವುದಿಲ್ಲ. ಪೂರ್ತಿ ನಿಜವಲ್ಲ ಇದು, ಸ್ವಲ್ಪ ದಿನ ಮುನಿಯುತ್ತೇನೆ.

ಚಳಿಗೆ ಕಿವಿ ಮುಚ್ಚಿಕೋ. ಸಂಜೆ ಹತ್ತು ಹೆಜ್ಜೆ ಹೆಚ್ಚು ನಡೆ. ಮಂಜಿಗೂ ಅವಳ ಮನೆಯವರಿಗೂ ನನ್ನ ನೆನಪು ಹೇಳು. ನಿನ್ನ ಎರಡೂ ಪಾದಕ್ಕೆ, ಬಲಗಾಲಿಗೆ ತುಸು ಮೆತ್ತಗೆ, ನನ್ನ ನಮಸ್ಕಾರ.

ನಿನ್ನ ದೊಡ್ಡಾಕಿ,
ನೀಲಾ

ಮರೆತಿದ್ದೆ, ಅಥವಾ ಬರೆಯಲು ಧೈರ್ಯ ಬಂದಿರಲಿಲ್ಲ: ಕಣ್ಣಾರೆ ಕಂಡವರ ಹೇಳಿಕೆ ನಿನ್ನೆ ಆಯಿತು. ಅಖ್ತರುನ್ನೀಸಾ ಅವರಿಗೆ ಬರೆಯಲು ಬಾರದ್ದರಿಂದ ಬಾಯಿಂದಲೇ ಹೇಳಿ ಮುದ್ರಿಸಬೇಕಿತ್ತು. ಯಾರು ಮಾತು ಕಟ್ಟಿದರು, ಯಾರು ಧಾಟಿ ಹಾಕಿದರು ಎಂಬ ಎರಡೂ ಹೆಸರುಗಳು ಅವರದೇ ದನಿಯಲ್ಲಿ ಬರಬೇಕೆಂಬುದು ಕಂಪನಿಯ ನಿಯಮ. ನಿನ್ನ ಹೆಸರನ್ನು ಸಲೀಸಾಗಿ ಹೇಳಿದರು. ಇನ್ನೊಂದರ ಹತ್ತಿರ ನಿಂತರು. ಜಾಹೀದರು, ಬೇಡ ಅಮ್ಮಾ, ಬಿಟ್ಟುಬಿಡೋಣ ಎಂದರು. ಅವರು ಮಗನನ್ನು ಹೊರಗೆ ಹೋಗು ಎಂದು ಕೈ ಮಾಡಿ, ಸೆರಗು ತಲೆಯ ಮೇಲೆ ಎಳೆದುಕೊಂಡು, ಗೋಡೆಯ ಕೌದಿಯ ಕಡೆ ತಿರುಗಿ, ಹೇಳಿದರು. ಇಸ್ಮಾಯಿಲಸಾಬ. ಒಂದೇ ಸಲ. ಮಹೆಕ ಮಷೀನು ನಿಲ್ಲಿಸುವುದು ತಡವಾಯಿತು. ಹಾಗಾಗಿ ಅವರು ನನಗೆ ಹೇಳಿದ ಮುಂದಿನ ಮಾತೂ ಅದರಲ್ಲಿ ಬಂದಿದೆ: "ಕಂಡಕ್ಟರ ಸಾಹೇಬ್ರಿಗೆ ಬರಿಯವ್ವಾ, ನಾ ಹೇಳೇನಂತ. ಈಗ ಅವರ ಪಾಳಿ."